ಕ್ವಾಯರ್ ಜೋರಾಯಿತು, ಸಭೆ ಸುಮ್ಮನಾಯಿತು. ಏನು ಮಾಡೋದು?

ಟಿಳಕವಾಡಿ ಆಲ್ಟೊ (ಬೆಳಗಾವಿ)

ನಮ್ಮ ಚರ್ಚಿನ ಸಭೆಯ ಕ್ವಾಯರ್ (ಹಾಡುವವರ ತಂಡ) ನೋಡಿಕೊಳ್ಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಹಾರ್ಮೋನಿಯಂ ನುಡಿಸುತ್ತಿದ್ದ ಮಾಸ್ತರರು ಪುಣೆಗೆ ಮಗನ ಮನೆಗೆ ಹೋದ ಮೇಲೆ ಬೇರೆ ಯಾರೂ ಮುಂದೆ ಬರಲಿಲ್ಲ. ಹಾಡುವವರು ಹತ್ತು ಹನ್ನೆರಡು ಜನ, ಅರ್ಧ ಮನೆಗಳಲ್ಲಿ ಮರಾಠಿ. ಕೆಲವು ಹುಡುಗಿಯರು ಕನ್ನಡ ಹಾಡನ್ನು ಮೊಬೈಲ್‌ನಲ್ಲಿ ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಅದರಲ್ಲಿ ಎ, ಏ ಎರಡೂ ಒಂದೇ ಆಗಿ, ‘ಎದೆ’ ಹೋಗಿ ‘ಏದೇ’ ಆಗುತ್ತದೆ. ಅದು ಇರಲಿ, ತಿದ್ದಿಕೊಳ್ಳಬಹುದು.

ತಲೆನೋವು ಬೇರೆ. ಹೋದ ವರ್ಷ ಯಾರೋ ಕಾಣಿಕೆಯಾಗಿ ಹೊಸ ಕೀಬೋರ್ಡ್, ಡ್ರಮ್ ಪ್ಯಾಡ್, ನಾಲ್ಕು ಮೈಕ್ ಕೊಟ್ಟರು. ಹುಡುಗರು ಖುಷಿಯಾಗಿ ಬರುತ್ತಿದ್ದಾರೆ, ಶನಿವಾರದ ಪ್ರಾಕ್ಟೀಸ್ ತಪ್ಪಿಸುವುದಿಲ್ಲ. ಆದರೆ ಬೆಂಚಿನಲ್ಲಿ ಕೂತವರು ಹಾಡುವುದನ್ನೇ ಬಿಟ್ಟಿದ್ದಾರೆ. ಕೆಲವರು ವಿಡಿಯೋ ಮಾಡುತ್ತಾರೆ, ಉಳಿದವರು ಕೈಕಟ್ಟಿ ನಿಲ್ಲುತ್ತಾರೆ. ಶುಭ ಶುಕ್ರವಾರ ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ನನ್ನ ಕೈ ಹಿಡಿದು, “ಹಾಡು ಭಾಳ ಚಲೋ ಆತವ್ವಾ. ನನಗ ಹಾಡಾಕ ಜಾಗಾನ ಬಿಡಲಿಲ್ಲ ನೀವು” ಅಂದರು. ಬೈಗುಳಾನೋ ಹೊಗಳಿಕೆನೋ ಗೊತ್ತಾಗಲಿಲ್ಲ.

ಕಮಿಟಿಯಲ್ಲಿ ಎರಡು ಪಾರ್ಟಿ ಆಗಿದೆ. ಮೈಕ್ ಕಿತ್ತು ಹಾಕಿ ಅನ್ನುವವರು ಒಂದು ಕಡೆ. ಕಿತ್ತರೆ ಹುಡುಗರು ಬರುವುದಿಲ್ಲ ಅನ್ನುವವರು ಇನ್ನೊಂದು ಕಡೆ. ಅಮೆರಿಕದ ಎಪಿಸ್ಕೋಪಲ್ ಚರ್ಚುಗಳಲ್ಲಿ ‘ಮ್ಯೂಸಿಕ್ ಮಿನಿಸ್ಟ್ರಿ’ ಅಂತ ಬೇರೆ ವ್ಯವಸ್ಥೆಯೇ ಇರುತ್ತದಂತೆ. ಅಲ್ಲಿ ಹಾಡುವವರು ಯಾರಾದರೂ ಇದ್ದರೆ ಹೇಳಿ. ಕ್ವಾಯರ್‌ನ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕು?

ಖಾನಾಪುರದವಳು

ಅಕ್ಕಾ, ನಾನು ಹಾಡುವುದು ಅಮೆರಿಕದ ಅಂಥದ್ದೇ ಒಂದು ಎಪಿಸ್ಕೋಪಲ್ ಚರ್ಚಿನಲ್ಲಿ. ನಮ್ಮಲ್ಲಿ ಆರ್ಗನ್ ನುಡಿಸಿ ಕ್ವಾಯರ್ ಕಲಿಸುವವರಿಗೆ ಸಂಬಳ ಇದೆ. ನಾವೆಲ್ಲ ಸುಮ್ನೆ ಪ್ರೀತಿಗೆ ಬರುವವರು. ಗುರುವಾರ ರಾತ್ರಿ ಪ್ರಾಕ್ಟೀಸ್. ಯಾವ ಭಾನುವಾರ ಬೈಬಲಿನ ಯಾವ ವಾಕ್ಯ ಓದಬೇಕು ಅನ್ನುವ ಮೂರು ವರ್ಷದ ಪಟ್ಟಿ ಮೊದಲೇ ಇರುವುದರಿಂದ, ಹಾಡುಗಳನ್ನೂ ವಾರಗಳ ಮುಂಚೆ ಅದಕ್ಕೆ ಹೊಂದಿಸಿ ಆರಿಸುತ್ತಾರೆ. ಲೆಂಟ್ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಬಂತೆಂದರೆ ‘ಹಲ್ಲೆಲೂಯ’ ಇರುವ ಹಾಡು ಈಸ್ಟರ್‌ವರೆಗೆ ಬಂದ್. ಹಾಡಿನ ಪುಸ್ತಕದ ಹೆಸರು ‘ದಿ ಹಿಮ್ನಲ್ 1982’, ಅದರಲ್ಲಿ 720 ಹಾಡು ಇವೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಕ್ವಾಯರ್ ತನ್ನದೇ ಹಾಡು ಹಾಡುವುದು ಸಾಮಾನ್ಯವಾಗಿ ಕಾಣಿಕೆ ಎತ್ತುವಾಗ, ಕರ್ತನ ಭೋಜನದ ಹೊತ್ತಿಗೆ. ಉಳಿದ ಹಾಡುಗಳೆಲ್ಲ ಸಭೆಯವು. ಬೈಬಲಿನ ಕೀರ್ತನೆಯನ್ನೂ ಎಷ್ಟೋ ಸಲ ಅರ್ಧ ವಚನ ನಾವು, ಅರ್ಧ ವಚನ ಜನ ಅಂತ ಹಂಚಿಕೊಳ್ಳುತ್ತೇವೆ. ನಮ್ಮ ಆರ್ಗನ್ ಮೇಷ್ಟ್ರು ಕೆಲವು ಸಲ ಒಂದು ಚರಣಕ್ಕೆ ವಾದ್ಯದಿಂದ ಪೂರ್ತಿ ಕೈ ಎತ್ತಿಬಿಡುತ್ತಾರೆ. ಮೊದಲ ಸಲ ಜನ ಗಾಬರಿಯಾದರು. ಈಗ ಆ ಚರಣಕ್ಕೇ ದನಿ ಜಾಸ್ತಿ.

ಇನ್ನೊಂದು. ಸಂಗೀತದ ವಿಷಯದಲ್ಲಿ ಕೊನೆಯ ಮಾತು ಪಾದ್ರಿಯದು, ಆದರೆ ಸಂಗೀತ ಬಲ್ಲವರ ಸಹಾಯ ತೆಗೆದುಕೊಳ್ಳಬೇಕು ಅಂತ ಎಪಿಸ್ಕೋಪಲ್ ಸಭೆಯ ಕಾನೂನಿನಲ್ಲೇ ಬರೆದಿದೆ. ಹಾಗಾಗಿ ಕಮಿಟಿಯಲ್ಲಿ ವೋಟು ಹಾಕಿಸಬೇಡಿ, ಮೊದಲು ಅಯ್ಯನವರ ಜೊತೆ ಕೂತು ಮಾತಾಡಿ. ಇಲ್ಲಿ ಎಲ್ಲ ಚಂದ ಅಂತಲೂ ತಿಳಿಯಬೇಡಿ. ನಮ್ಮ ಕ್ವಾಯರ್‌ನಲ್ಲಿ ಬಿಳಿ ತಲೆಗಳೇ ಹೆಚ್ಚು, ಬೇಸ್ (ತಗ್ಗಿನ ದನಿ) ಹಾಡುವ ಗಂಡಸರಂತೂ ಸಿಗುವುದೇ ಇಲ್ಲ. ವಾರದ ಮಧ್ಯೆ ಯಾರದಾದರೂ ಮಣ್ಣು (ಅಂತ್ಯಕ್ರಿಯೆ) ಇದ್ದರೆ ರಿಟೈರ್ ಆದವರು ಮಾತ್ರ ಬಂದು ಹಾಡುತ್ತಾರೆ. ಅದೂ ಮಿನಿಸ್ಟ್ರಿಯೇ, ಅಲ್ವಾ? ಹುಡುಗರು ಬರುತ್ತಿದ್ದಾರೆ ಅಂದರೆ ನಿಮಗೆ ಅರ್ಧ ಗೆದ್ದ ಹಾಗೆ.

ಪೇಟಿ ಕಾಕಾ (ವಿಜಯಪುರ)

ತಂಗಿ, ಮೈಕ್ ಜಗಳ ಆಮೇಲೆ. ಮೊದಲು ಹೇಳು, ಕೀಬೋರ್ಡ್ ಯಾವ ಪಟ್ಟಿಗೆ (ಶ್ರುತಿಗೆ) ಇಟ್ಟಿದ್ದೀರಿ? ಹುಡುಗರು ಯೂಟ್ಯೂಬ್ ಕೇಳಿ ಅದೇ ಪಟ್ಟಿಯಲ್ಲಿ ಹಾಡುತ್ತಾರೆ. ಅದು ಎತ್ತರದ ಗಂಟಲಿನ ಒಬ್ಬ ಗಾಯಕನ ಪಟ್ಟಿ. ಮೂರನೇ ಕರಿ ಮನೆಯನ್ನು ‘ಸ’ ಅಂತ ಹಿಡಿದು, ಮೇಲಿನ ಪಂಚಮಕ್ಕೆ ಹೋದರೆ ಅರವತ್ತು ದಾಟಿದವರು ಏನು ಹಾಡಬೇಕು? ಬಾಯಿ ಮುಚ್ಚುತ್ತಾರೆ. ಟ್ರಾನ್ಸ್‌ಪೋಸ್ ಬಟನ್ ಒತ್ತಿ ಮೂರು ನಾಲ್ಕು ಮನೆ ಕೆಳಗೆ ತನ್ನಿ.

ಮರಾಠಿ ಮನೆಗಳಿಗೆ ಭಜನೆ ಇಡಿ. ಮುಂದಿನವರು ಒಂದು ಸಾಲು ಹೇಳುವುದು, ಹಿಂದಿನವರು ಎತ್ತಿಕೊಳ್ಳುವುದು. ಪುಸ್ತಕ ಬೇಡ, ಲಿಪಿಯ ತಕರಾರೂ ಇಲ್ಲ. ನಾರಾಯಣ ವಾಮನ ಟಿಳಕರು ಮರಾಠಿಯಲ್ಲಿ ಕ್ರಿಸ್ತನ ಮೇಲೆ ಅಭಂಗ ಬರೆದದ್ದು ನಿಮ್ಮವರಿಗೆ ಗೊತ್ತೇ ಇರುತ್ತದೆ. ನಮ್ಮ ಕಿಟೆಲ್ ಸಾಹೇಬರು ಅವರಿಗಿಂತ ಮೊದಲೇ, 1862ರಲ್ಲಿ, ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ದೇಸಿ ಛಂದಸ್ಸಿಗೆ ಕೂರಿಸಿದರು. ನಿಘಂಟಿನ ಹೆಸರು ಹೇಳುವ ಜನ ಇದನ್ನು ಮರೆಯುತ್ತಾರೆ. ಡ್ರಮ್ ಪ್ಯಾಡ್ ಮಾತ್ರ ನನಗೆ ಬೇಡವೇ ಬೇಡ. ತಬಲಾ, ತಾಳ ಇದ್ದರೆ ಸಾಕು.

ಆರು ತಂತಿ (ಬಾಗಲಕೋಟೆ)

ಕಾಕಾ, ಪಟ್ಟಿಯ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಡ್ರಮ್ ಪ್ಯಾಡ್ ವಿಷಯ ಒಪ್ಪಲ್ಲ. ನಾನು ಚರ್ಚಿಗೆ ವಾಪಸ್ ಬಂದಿದ್ದೇ ಗಿಟಾರ್ ಹಿಡಿಯಲು ಬಿಟ್ಟರು ಅಂತ.

ಅಕ್ಕಾರೆ, ಒಂದು ನೋಡಿ. ನಿಮ್ಮ ಸ್ಪೀಕರ್ ಎರಡೂ ಜನರ ಕಡೆ ಮುಖ ಮಾಡಿವೆಯಾ? ಹಾಗಿದ್ದರೆ ಹುಡುಗರಿಗೆ ತಮ್ಮ ದನಿ ತಮಗೇ ಕೇಳಲ್ಲ, ಅದಕ್ಕೇ ಕಿರುಚುತ್ತಾರೆ. ಒಂದು ಸಣ್ಣ ಸ್ಪೀಕರ್ ಅವರ ಕಡೆ ತಿರುಗಿಸಿ, ಆಗ ಜನರ ಕಡೆಯದರ ವಾಲ್ಯೂಮ್ ಇಳಿಸಬಹುದು. ಕಾಣಿಕೆ ಹೊತ್ತಿನ ಹಾಡು ಪೂರ್ತಿ ಹುಡುಗರಿಗೆ ಬಿಟ್ಟುಕೊಡಿ, ಅಲ್ಲಿ ಪ್ಯಾಡೂ ಇರಲಿ, ಸೋಲೋನೂ ಇರಲಿ. ಸಭೆಯ ಹಾಡಿಗೆ ಪ್ಯಾಡ್ ಆಫ್.

ಟಿಳಕವಾಡಿ ಆಲ್ಟೊ (ಬೆಳಗಾವಿ)

ಸ್ಪೀಕರ್ ಎರಡೂ ಜನರ ಕಡೆಗೇ ಇವೆ! ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಕಾಕಾ, ನಿನ್ನೆ ಪ್ರಾಕ್ಟೀಸ್‌ನಲ್ಲಿ ಮೂರು ಮನೆ ಇಳಿಸಿ ಹಾಡಿಸಿದೆ. ಸೊಪ್ರಾನೊ (ಎತ್ತರದ ದನಿ) ಹುಡುಗಿಯರು ಮುಖ ಊದಿಸಿಕೊಂಡರು. ಚರ್ಚ್ ಗುಡಿಸಲು ಬಂದಿದ್ದ ಬಾಯಿಯವರು ಕಸಬರಿಗೆ ಹಿಡಿದುಕೊಂಡೇ ಜೊತೆಗೆ ಹಾಡಿದರು. ಹಾಗಾಗಿ ಪಟ್ಟಿ ಇಳಿದದ್ದು ಇಳಿದದ್ದೇ.

ಕಾಣಿಕೆ ಹಾಡಿನ ಬಗ್ಗೆ ಅಯ್ಯನವರ ಹತ್ತಿರ ಈ ವಾರ ಮಾತಾಡುತ್ತೇನೆ. ಖಾನಾಪುರದ ತಂಗಿ, ಒಂದು ಚರಣ ವಾದ್ಯ ನಿಲ್ಲಿಸುವುದನ್ನು ಯಾವ ಥರದ ಹಾಡಿನಲ್ಲಿ ಮಾಡುತ್ತಾರೆ, ಕೊನೆಯ ಚರಣಕ್ಕಾ ನಡುವಿನದಕ್ಕಾ? ಬಾಗಲಕೋಟೆ ತಮ್ಮಾ, ಪ್ಯಾಡ್ ಆಫ್ ಮಾಡುವ ವಿಷಯ ನೀನೇ ನಮ್ಮ ಹುಡುಗನಿಗೆ ಹೇಳಬೇಕು. ನಂಬರ್ ಮೆಸೇಜ್‌ನಲ್ಲಿ ಕಳಿಸುತ್ತೇನೆ. ನನ್ನ ಮಾತು ಅವನು ಕೇಳಲ್ಲ, ನಾನು ಅವನ ಅತ್ತೆ.