ಪದಚರ್ಚೆ: ಬಂಡೆಗೆ ‘ಕಾಲನಿರ್ಣಯ’ವೋ, ‘ತಾಳೆ’ಯೋ?

ಎಲ್ಲರಿಗೂ ನಮಸ್ಕಾರ.

ಹಾಸನದ ಹೈಸ್ಕೂಲು ಮಕ್ಕಳಿಗೆ ಒಂದು ಪುಟ್ಟ ಲೇಖನ ಬರೆಯುತ್ತಿದ್ದೇನೆ. ಬೆಟ್ಟಗಳಲ್ಲಿ ಸಿಗುವ ಹಳೆಯ ಸುಣ್ಣಕಲ್ಲಿನ ವಯಸ್ಸನ್ನು ಹೇಗೆ ತಿಳಿಯುತ್ತಾರೆ ಅನ್ನುವುದು ವಿಷಯ. ಕೆಲವು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ಮೊದಲನೆಯದೇ ದೊಡ್ಡದು.

ಮೊದಲು ಹೀಗೆ ಬರೆದಿದ್ದೆ: ‘ಕಲ್ಲಿನ ಕಾಂತತೆಯಿಂದ ಅದರ ಕಾಲನಿರ್ಣಯ ಮಾಡುತ್ತಾರೆ.’ ಓದಿ ನೋಡಿದಾಗ ಸರಿ ಅನ್ನಿಸಲಿಲ್ಲ. ನಿರ್ಣಯ ಅಂದರೆ ತೀರ್ಮಾನ. ಕಾಂತತೆ ಒಂದೇ ಯಾವ ತೀರ್ಮಾನವನ್ನೂ ಕೊಡುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲಸ ಗೊತ್ತಾಗದೆ ಅದಕ್ಕೆ ಪದ ಹುಡುಕುವುದು ಕಷ್ಟ.

ಇಟಲಿಯ ಅಪೆನೈನ್ ಬೆಟ್ಟಸಾಲಿನಲ್ಲಿ ಗುಬ್ಬಿಯೋ ಎಂಬ ಊರಿದೆ. ಅಲ್ಲಿಯ ಕಣಿವೆಯ ಗೋಡೆಯಲ್ಲಿ ಗುಲಾಬಿ ಬಣ್ಣದ ಸುಣ್ಣಕಲ್ಲು ಪದರ ಪದರವಾಗಿ ಕಾಣುತ್ತದೆ. ಒಂದು ಕಾಲಕ್ಕೆ ಅದೆಲ್ಲ ಕಡಲ ತಳದ ಕೆಸರು. ಆ ಕೆಸರಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ತುಂಬಾ ಸಣ್ಣ ಕಣಗಳಿದ್ದವು. ನಮ್ಮ ಪಕ್ಕದ ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ತೆಗೆಯುತ್ತಿದ್ದದ್ದು ಇದೇ ಅದಿರು. ಕೆಸರು ತಳಕ್ಕೆ ಕೂರುವಾಗ ಈ ಕಣಗಳು ದಿಕ್ಸೂಚಿಯ ಮುಳ್ಳಿನ ಹಾಗೆ ಆಗಿನ ಉತ್ತರಕ್ಕೆ ಮುಖ ಮಾಡಿದವು. ಕೆಸರು ಗಟ್ಟಿಯಾಗಿ ಕಲ್ಲಾಯಿತು. ಮುಖ ಮಾತ್ರ ಹಾಗೇ ಉಳಿಯಿತು.

ಆದರೆ ಭೂಮಿಯ ಕಾಂತ ಧ್ರುವಗಳು ಆಗಾಗ ಅದಲುಬದಲಾಗುತ್ತವೆ. ಕೊನೆಯ ಸಲ ಹೀಗಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಇದಕ್ಕೆ ವೇಳಾಪಟ್ಟಿ ಇಲ್ಲ. ಕೆಲವು ಕಾಲದಲ್ಲಿ ಬೇಗ ಬೇಗ ಆಗಿದೆ. ಡೈನೋಸಾರುಗಳ ಕಾಲದಲ್ಲಿ ಒಮ್ಮೆ ಮೂರೂವರೆ ಕೋಟಿ ವರ್ಷಕ್ಕಿಂತ ಜಾಸ್ತಿ ಸಮಯ ಬದಲಾಗದೆ ಇದ್ದದ್ದೂ ಉಂಟು. ಹಾಗಾಗಿ ಕಣಗಳು ಯಾವ ಕಡೆ ಮುಖ ಮಾಡಿವೆ ಎಂದು ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಅಳೆಯುತ್ತಾ ಹೋದರೆ ಅಗಲ, ಕಿರಿದು, ಮತ್ತೆ ಅಗಲ ಎಂದು ಪಟ್ಟೆಗಳ ಒಂದು ಸಾಲು ಸಿಗುತ್ತದೆ. ಹರಿದ ಜಮಖಾನದ ಎರಡು ತುಂಡುಗಳನ್ನು ಪಟ್ಟೆ ನೋಡಿ ಜೋಡಿಸುತ್ತೇವಲ್ಲ, ಹಾಗೆ ಈ ಸಾಲನ್ನು ಬೇರೆ ಕಡೆಯ ಸಾಲಿನ ಜೊತೆ ಜೋಡಿಸಬಹುದು. 1970ರ ದಶಕದಲ್ಲಿ ಭೂವಿಜ್ಞಾನಿಗಳಾದ ವಾಲ್ಟರ್ ಆಲ್ವಾರೆಜ್, ವಿಲಿಯಂ ಲೌರಿ ಮತ್ತು ಅವರ ಜೊತೆಗಾರರು ಗುಬ್ಬಿಯೋದಲ್ಲಿ ಮಾಡಿದ್ದು ಇದನ್ನೇ. ಕಡಲ ತಳದ ಬಂಡೆಗಳಲ್ಲಿ ಮೊದಲೇ ಗೊತ್ತಿದ್ದ ಪಟ್ಟೆಗಳು ಈ ಬೆಟ್ಟದ ಕಲ್ಲಿನಲ್ಲೂ ಅದೇ ಕ್ರಮದಲ್ಲಿ ಸಿಕ್ಕವು.

ಈಗ ನೋಡಿ, ಬರೀ ಒಂದು ಪಟ್ಟೆ ಕೈಯಲ್ಲಿದ್ದರೆ ಏನು ಗೊತ್ತಾಗುತ್ತದೆ? ಮುಖ ಈ ಕಡೆಯೋ ಆ ಕಡೆಯೋ ಅನ್ನುವುದು, ಅಷ್ಟೇ. ಸಾಲನ್ನು ಸಾಲಿಗೆ ಹೊಂದಿಸಿದಾಗಲೇ ಕಾಲ ತಿಳಿಯುವುದು. ಈ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆ, ತಾಳೆ. ಅಂಗಡಿಯಲ್ಲಿ ಲೆಕ್ಕ ತಾಳೆ ನೋಡುತ್ತಾರೆ. ಓಲೆಗರಿಯ ಪ್ರತಿಗಳನ್ನು ತಾಳೆ ಹಾಕುತ್ತಾರೆ. ಬಂಡೆಗೂ ‘ತಾಳೆ ಹಾಕಿ ಕಾಲ ತಿಳಿಯುವುದು’ ಅಂದರೆ ಸಾಕಲ್ವಾ?

ಶಾಸನ ಓದುವವರಿಗೆ ಈ ವ್ಯತ್ಯಾಸ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಶಾಸನದಲ್ಲಿ ಶಕವರ್ಷ 1039 ಎಂದೇ ಇದೆ, ಅಂದರೆ ಕ್ರಿ.ಶ. 1117. ಅದೇ ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ವರ್ಷವೇ ಇಲ್ಲ. ಅಕ್ಷರಗಳ ರೂಪ, ಅದರಲ್ಲಿ ಬರುವ ಅರಸರ ಹೆಸರು, ಇವನ್ನು ಬೇರೆಯವುಗಳ ಜೊತೆ ತಾಳೆ ನೋಡಿಯೇ ಸುಮಾರು ಕ್ರಿ.ಶ. 450 ಅಂದದ್ದು. ಕನ್ನಡದಲ್ಲಿ ಎರಡಕ್ಕೂ ‘ಕಾಲನಿರ್ಣಯ’ ಅಂತಲೇ ಬರೆಯುತ್ತೇವೆ. ಹೀಗಾಗಿ ಒಂದರ ಗಟ್ಟಿತನ ಇನ್ನೊಂದಕ್ಕೂ ಸುಮ್ನೆ ಅಂಟಿಕೊಳ್ಳುತ್ತದೆ.

ಬಂಡೆಯಲ್ಲೂ ವರ್ಷ ಬರೆದಿಟ್ಟಂಥ ವಸ್ತು ಇದೆ. ಸುಣ್ಣಕಲ್ಲಿನ ನಡುವೆ ಜ್ವಾಲಾಮುಖಿಯ ಬೂದಿಯ ಪದರ ಸಿಕ್ಕಿದರೆ ಅದರಲ್ಲಿ ಜಿರ್ಕಾನ್ ಹರಳು ಇರಬಹುದು. ಆ ಹರಳಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಯುರೇನಿಯಂ 238 ಅರ್ಧ ಆಗಲು 447 ಕೋಟಿ ವರ್ಷ ಬೇಕು. ಎಷ್ಟು ಸೀಸವಾಗಿದೆ ಎಂದು ಅಳೆದರೆ ವಯಸ್ಸು ಬರುತ್ತದೆ. ಇದನ್ನು ‘ಎಣಿಕೆ’ ಅನ್ನೋಣ ಅಂದುಕೊಂಡೆ. ಕಾಂತತೆಗೆ ತಾಳೆ, ಐಸೋಟೋಪಿಗೆ (ಅಂದರೆ ಒಂದೇ ಮೂಲವಸ್ತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳಿಗೆ) ಎಣಿಕೆ. ಚೆನ್ನಾಗಿದೆ ಅನ್ನಿಸಿತು.

ಆದರೆ ಸ್ಟ್ರಾಂಷಿಯಂ ಈ ಲೆಕ್ಕವನ್ನು ಕೆಡಿಸಿತು. ಕಡಲ ನೀರಿನಲ್ಲಿ ಸ್ಟ್ರಾಂಷಿಯಂ 87 ಮತ್ತು 86 ಒಂದು ಪ್ರಮಾಣದಲ್ಲಿ ಇರುತ್ತವೆ. 87ನ್ನು 86ರಿಂದ ಭಾಗಿಸಿದರೆ ಈಗ ಅದು 0.7092ರ ಹತ್ತಿರ ಇದೆ. ನದಿಗಳು ಬೆಟ್ಟ ಸವೆಸಿ ತರುವ ಮಣ್ಣು, ಕಡಲ ತಳದ ಬಿಸಿನೀರಿನ ಬುಗ್ಗೆ, ಇವು ಬದಲಾದಂತೆ ಆ ಪ್ರಮಾಣವೂ ಕೋಟ್ಯಂತರ ವರ್ಷಗಳಲ್ಲಿ ಏರಿ ಇಳಿದಿದೆ. ಚಿಪ್ಪಿನ ಹುಳುಗಳು ತಮ್ಮ ಕಾಲದ ಪ್ರಮಾಣವನ್ನೇ ಚಿಪ್ಪಿನೊಳಗೆ ಸೇರಿಸಿಕೊಳ್ಳುತ್ತವೆ. ಹಳೆಯ ಸುಣ್ಣಕಲ್ಲಿನ ಚಿಪ್ಪಿನಲ್ಲಿ ಅದನ್ನು ಅಳೆದು, ಏರಿಳಿತದ ಗೆರೆಯ ಮೇಲೆ ಎಲ್ಲಿ ಕೂರುತ್ತದೆ ಎಂದು ನೋಡುತ್ತಾರೆ. ಅಂದರೆ ಐಸೋಟೋಪು ಆದರೂ ಇದು ತಾಳೆಯೇ. ಹಾಗಾಗಿ ಹೆಸರಿಡುವಾಗ ವಸ್ತು ನೋಡಬಾರದು, ಕೆಲಸ ನೋಡಬೇಕು ಎಂದು ನನಗೆ ಈಗ ಗಟ್ಟಿಯಾಗಿ ಅನ್ನಿಸಿದೆ.

(ಎಲ್ಲದಕ್ಕೂ ‘ಕಾರ್ಬನ್ ಡೇಟಿಂಗ್’ ಅನ್ನುವ ರೂಢಿ ಬಿಡಬೇಕು. ಕಾರ್ಬನ್ 14 ಪ್ರತಿ 5730 ವರ್ಷಕ್ಕೆ ಅರ್ಧವಾಗುತ್ತದೆ. ಸುಮಾರು 50 ಸಾವಿರ ವರ್ಷದ ಆಚೆಗೆ ಅಳೆಯುವಷ್ಟು ಉಳಿಯುವುದಿಲ್ಲ. ಕೋಟಿ ವರ್ಷದ ಕಲ್ಲಿಗೆ ಅದು ನಡೆಯದು.)

ಎರಡನೆಯದು ಐಸೋಟೋಪು. ‘ಸಮಸ್ಥಾನಿ’ ಅನ್ನುವ ಪದ ಇದೆ, ತಪ್ಪೇನಿಲ್ಲ. 1913ರಲ್ಲಿ ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ ಬಳಸಿದ ಮೂಲ ಪದಕ್ಕೂ ಗ್ರೀಕಿನಲ್ಲಿ ‘ಅದೇ ಜಾಗ’ ಎಂದೇ ಅರ್ಥ. ಆದರೆ ಮಕ್ಕಳು ಅದನ್ನು ‘ಸಂಸ್ಥಾನ’ ಅಂತ ಓದುತ್ತಾರೆ. ಮೂಲವಸ್ತುಗಳ ಪಟ್ಟಿ ಚೌಕಾಬಾರದ ಮಣೆಯ ಹಾಗೇ ಇದೆ. ಅದರ ಚೌಕಕ್ಕೆ ನಾವು ‘ಮನೆ’ ಅನ್ನುತ್ತೇವೆ. ಒಂದೇ ಮನೆಯಲ್ಲಿ ಕೂತ, ತೂಕ ಮಾತ್ರ ಬೇರೆಯಾದ ಕಾಯಿಗಳು. ಐಸೋಟೋಪು ಎಂದೇ ಉಳಿಸಿಕೊಂಡು, ಮೊದಲ ಸಲ ಬಂದಾಗ ‘ಒಂದೇ ಮನೆಯ ಕಾಯಿಗಳು’ ಎಂದು ವಿವರಿಸಿದ್ದೇನೆ. ಒಪ್ಪಿಗೆಯೇ?

ಪದರಕ್ಕೆ ‘ಸ್ತರ’ ಬೇಡ ಎಂದು ಬಿಟ್ಟೆ. ಗೋಡೆ ಕಟ್ಟುವವರು ‘ವರಸೆ’ ಅನ್ನುತ್ತಾರೆ. ಕೆಳಗಿನ ವರಸೆ ಮೊದಲು, ಮೇಲಿನದು ಆಮೇಲೆ. ಕೆಸರು ಕೂತ ಕ್ರಮವೂ ಅದರಲ್ಲೇ ಬಂತು.

ನಿಜವಾಗಿಯೂ ಪದ ಸಿಗದೆ ಇರುವುದು ಇಲ್ಲಿ. ಬೆಟ್ಟ ಏಳುವಾಗ ಕಲ್ಲು ಬಿಸಿಯಾಗುತ್ತದೆ. ಆಗ ಹಳೆಯ ಕಾಂತತೆಯ ಮೇಲೆ ಹೊಸದು ಹತ್ತಿಕೊಳ್ಳುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ಕಲ್ಲನ್ನು ಹಂತ ಹಂತವಾಗಿ ಕಾಯಿಸಿ ಆ ಹೊಸದನ್ನು ಬಿಡಿಸುತ್ತಾರೆ. ಮ್ಯಾಗ್ನೆಟೈಟ್ 580 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಎಲ್ಲವನ್ನೂ ಮರೆತುಬಿಡುತ್ತದೆ. ಅಷ್ಟರೊಳಗೆ ಹಳೆಯದನ್ನು ಓದಿಕೊಳ್ಳಬೇಕು. ಮೊದಲಿನದಕ್ಕೆ ‘ಹುಟ್ಟುಕಾಂತತೆ’ ಎಂದು ಬರೆದಿದ್ದೇನೆ. ಆಮೇಲೆ ಹತ್ತಿದ್ದಕ್ಕೆ ಏನನ್ನೋಣ? ಬಟ್ಟೆಗೆ ಬೇರೆ ಬಟ್ಟೆಯ ಬಣ್ಣ ಹತ್ತಿದರೆ, ಗೋಡೆಯ ಹಳೆ ಸುಣ್ಣದ ಮೇಲೆ ಹೊಸ ಸುಣ್ಣ ಬಳಿದರೆ ನಿಮ್ಮ ಕಡೆ ಏನಾದರೂ ಬೇರೆ ಮಾತಿದೆಯೇ? ಮಲೆನಾಡಿನವರು, ಬಯಲುಸೀಮೆಯವರು ಇಬ್ಬರೂ ದಯವಿಟ್ಟು ಹೇಳಿ. ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.