ನಾರ್ವೆಯ 'ಹೌಗೆನ್' ಸರ್‌ನೇಮ್: ಅರ್ಥ ಏನು, ಮೂಲ ಹುಡುಕೋದು ಹೇಗೆ?

ಪ್ರಶ್ನೆ (ಜಯನಗರ)
ಒಬ್ಬನೇ ಮನುಷ್ಯ ನಾರ್ವೆಯ ಹಳೇ ದಾಖಲೆಯಲ್ಲಿ ಓಲೆ ಹಾನ್ಸೆನ್, ಅಮೆರಿಕಕ್ಕೆ ಹೋದ ಮೇಲೆ ಓಲೆ ಹೌಗೆನ್. ಹೆಸರು ಬದಲಾಯಿಸಿಕೊಂಡನಾ? ಹೌಗೆನ್‌ಗಳೆಲ್ಲ ಒಂದೇ ವಂಶದವರಾ?

ಉತ್ತರ (ಬಸವನಗುಡಿ)
ಬದಲಾಯಿಸಿಲ್ಲ. ಪೂರ್ತಿ ಹೆಸರು ಓಲೆ ಹಾನ್ಸೆನ್ ಹೌಗೆನ್: ಹೌಗೆನ್ ಜಮೀನಿನ, ಹಾನ್ಸ್‌ನ ಮಗ ಓಲೆ. ಹಿಂದಿನಿಂದ ಮುಂದಕ್ಕೆ ಓದಿದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಇದ್ದ ಹಾಗೇ ಇದೆ ನೋಡಿ! ಅವನ ತಂಗಿ ಹಾನ್ಸೆನ್ ಅಲ್ಲ, ಹಾನ್ಸ್‌ಡಾಟರ್; ಮದುವೆಯಾದ ಮೇಲೂ ಹಳ್ಳಿಗಳಲ್ಲಿ ಅದೇ ಉಳೀತಿತ್ತು. ಆದರೆ ಓಲೆ ಬೇರೆ ಜಮೀನಿಗೆ ಹೋಗಿ ನೆಲೆಸಿದ್ದರೆ ಮೂರನೇ ಹೆಸರು ಬದಲಾಗೋದು. ಎಲ್ಲರಿಗೂ ಕಾಯಂ ಮನೆತನದ ಹೆಸರು ಬೇಕು ಅಂತ ಕಾನೂನು ಬಂದದ್ದು 1923ರಲ್ಲಿ.

ಅರ್ಥ: 'ಹೌಗ್' ಅಂದರೆ ದಿಬ್ಬ, ಹಳೇ ಕಾಲದ ಸಮಾಧಿ ದಿಬ್ಬವೂ ಆಗಬಹುದು. ಕೊನೆಯ 'ಎನ್' ಇಂಗ್ಲಿಷಿನ 'ದಿ' ಮಾಡುವ ಕೆಲಸ ಮಾಡುತ್ತೆ, ಪದದ ಬಾಲಕ್ಕೆ ಅಂಟಿಕೊಂಡು. ಅಂದರೆ 'ಆ ದಿಬ್ಬ'. 'ಹೌಗೆ' ಅನ್ನೋ ಇನ್ನೊಂದು ಸರ್‌ನೇಮ್ ಇದೆ. ಅದು ಹಳೇ ವಿಭಕ್ತಿ ರೂಪ, ನಮ್ಮ 'ದಿಬ್ಬದಲ್ಲಿ' ಇದ್ದ ಹಾಗೆ.

ಉತ್ತರ (ಮಲ್ಲೇಶ್ವರಂ)
ಒಂದೇ ವಂಶ ಖಂಡಿತ ಅಲ್ಲ. ದಿಬ್ಬ ಎಲ್ಲಿಲ್ಲ? ಹೌಗೆನ್ ಹೆಸರಿನ ಜಮೀನು ನಾರ್ವೆ ತುಂಬ ಇವೆ. ಅಲ್ಲಿ ಗೇಣಿಗಿದ್ದವರಿಗೂ ಅದೇ ಹೆಸರು ಬೀಳ್ತಿತ್ತು, ರಕ್ತಸಂಬಂಧ ಬೇಕಿರಲಿಲ್ಲ.

ಎಲ್ಲರೂ ಎಡವೋದು ಇಲ್ಲೇ: 'ಹೌಗೆನ್' ಅಂತ ಹುಡುಕಿ ಸಾವಿರಾರು ಜನರಲ್ಲಿ ಕಳೆದುಹೋಗ್ತಾರೆ. ಮೊದಲು ಅಮೆರಿಕದ ಚರ್ಚ್ ದಾಖಲೆಯಲ್ಲಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಬರೋ ಪ್ರದೇಶ) ಪತ್ತೆ ಮಾಡಿ. ಆಮೇಲೆ ನಾರ್ವೆಯ ಡಿಜಿಟಲಾರ್ಕಿವೆಟ್ ತಾಣದಲ್ಲಿ (ಪುಕ್ಕಟೆ) ಪ್ಯಾರಿಷ್, ಹುಟ್ಟಿದ ವರ್ಷ ಎರಡು ವರ್ಷ ಹಿಂದುಮುಂದು, ಸ್ವಂತ ಹೆಸರು, ತಂದೆ ಹೆಸರು ಕೊಡಿ. ಜಮೀನಿನ ಹೆಸರು ಬಿಡಿ. ಓಲೆ ಒಂದು ಕಡೆ ಓಲಾ ಆಗಿರ್ತಾನೆ, ಹಾನ್ಸೆನ್ ಇನ್ನೊಂದು ಕಡೆ ಹಾನ್ಸನ್. ಅದಕ್ಕೇ ಮೊದಲ ಕೆಲವು ಅಕ್ಷರ ಹಾಕಿ ಕೊನೆಗೆ ನಕ್ಷತ್ರ ಚಿಹ್ನೆ ಒತ್ತಿ. 1865ರ ಜನಗಣತಿಯಲ್ಲಿ ಮನೆಮಂದಿ ಜಮೀನಿನ ಸಮೇತ ಸಿಗ್ತಾರೆ, ಹುಟ್ಟಿದ ಊರೂ ಇರುತ್ತೆ. ತಾಳೆ ನೋಡೋಕೆ ಅದೇ ವಾಸಿ.

ಉತ್ತರ (ರಾಜಾಜಿನಗರ)
ಸ್ವೀಡನ್ ಹೆಸರಿಗೆ ಈ ದಾರಿ ಹಿಡೀಬೇಡಿ. ಅಲ್ಲಿನ ಲಿಂಡ್‌ಕ್ವಿಸ್ಟ್ (ಲಿಂಡೆನ್ ಮರ, ರೆಂಬೆ) ಸಾಮಾನ್ಯವಾಗಿ ಜಮೀನಿನ ಹೆಸರಲ್ಲ, ಚೆಂದಕ್ಕೆ ಕಟ್ಟಿಕೊಂಡದ್ದು. ರಾಸ್ಕ್ (ಚುರುಕು), ಮೂಡಿಗ್ (ಧೈರ್ಯವಂತ) ಥರದವು ಸೈನಿಕರಿಗೆ ಸೇನೆಯಲ್ಲಿ ಇಟ್ಟ ಹೆಸರು. ಅಂಥವರನ್ನು ಸೇನೆಯ ಪಟ್ಟಿಯಲ್ಲೂ ಹುಡುಕಬೇಕು.