ಉಳಿದ ಚೈನ್ ಸಾ ಎಣ್ಣೆ ಏನು ಮಾಡೋದು? ಮೆಕ್ಯಾನಿಕ್ ಅಣ್ಣನ ಜೊತೆ ಪ್ರಶ್ನೋತ್ತರ

ಹಸಿರುಬೇಲಿ: ಅಣ್ಣಾ, ನಮಸ್ಕಾರ. ಮರ ಕೊಯ್ಯೋ ಮೆಷಿನ್ ಮಾರಿಬಿಟ್ಟೆ. ಚೈನಿಗೆ ಹಾಕೋ ಎಣ್ಣೆ ಎರಡೂವರೆ ಲೀಟರ್ ಉಳಿದಿದೆ, ಇನ್ನೊಂದು ಸಣ್ಣ ಬಾಟಲಿಯಲ್ಲಿ ಹಸಿರು ಎಣ್ಣೆ ಅರ್ಧ ಇದೆ. ಚೆಲ್ಲೋಕೆ ಮನಸ್ಸು ಬರ್ತಿಲ್ಲ. ಮನೆ ಕೆಲಸಕ್ಕೆ ಏನಾದರೂ ಆಗುತ್ತಾ?

ಮೆಕ್ಯಾನಿಕ್: ನಮಸ್ಕಾರ. ಚೆಲ್ಲದೆ ಕೇಳಿದ್ದು ಒಳ್ಳೆಯದಾಯ್ತು. ಮೊದಲು ಒಂದು ಮಾತು: ನಿಮ್ಮ ಹತ್ತಿರ ಇರೋದು ಎರಡು ಬೇರೆ ಬೇರೆ ಎಣ್ಣೆ. ದೊಡ್ಡ ಕ್ಯಾನಿನದು ಬಾರ್ ಆಯಿಲ್, ಚೈನ್ ಮತ್ತು ಬಾರ್ (ಚೈನು ಸುತ್ತ ಓಡೋ ಉದ್ದ ಲೋಹದ ಪಟ್ಟಿ) ಸವೆಯದ ಹಾಗೆ ಹಾಕೋದು. ಸಣ್ಣದು ಬಹುಶಃ 2ಟಿ, ಅಂದರೆ ಟೂ ಸ್ಟ್ರೋಕ್ ಎಂಜಿನ್ನಿಗೆ ಅಂತ ಪೆಟ್ರೋಲಿಗೆ ಕಲಸೋ ಎಣ್ಣೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಬರಹ ಅಳಿಸಿದ್ದರೆ ಒಂದು ಹನಿ ಬೆರಳಿಗೆ ಹಾಕಿ ಹೆಬ್ಬೆರಳಿಂದ ಒತ್ತಿ ನಿಧಾನ ಬಿಡಿಸಿ. ಎಳೆ ಎಳೆಯಾಗಿ ಎದ್ದರೆ ಬಾರ್ ಆಯಿಲ್. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತೆ. ಆ ವೇಗಕ್ಕೆ ಎಣ್ಣೆ ಸಿಡಿದು ಹೋಗದಿರಲಿ ಅಂತ ಅಂಟು ಸೇರಿಸಿರ್ತಾರೆ.

ಆ ಅಂಟೇ ನಿಮಗೆ ಉಪಯೋಗ. ಮಳೆಗೆ ನೆನೆಯೋ ಗೇಟಿನ ಬಿಜಾಗರಿ, ಹೊರಗಿನ ಅಗಳಿ, ಕೈಗಾಡಿಯ ಚಕ್ರದ ಅಚ್ಚು, ಭಾರ ಎತ್ತೋ ಚೈನು, ತುಕ್ಕು ಹಿಡಿಯೋ ಬೋಲ್ಟಿನ ಥ್ರೆಡ್ಡು, ಇಂಥ ನಿಧಾನವಾಗಿ ಆಡೋ ಜಾಗಕ್ಕೆಲ್ಲ ಚೆನ್ನಾಗಿ ನಿಲ್ಲುತ್ತೆ. ಗುದ್ದಲಿ, ಹಾರೆ, ಕೊಡಲಿ ತೊಳೆದು ಒಣಗಿಸಿ ಎಣ್ಣೆ ಬಟ್ಟೆಯಲ್ಲಿ ಒರೆಸಿಟ್ಟರೆ ಮಳೆಗಾಲ ಪೂರ್ತಿ ತುಕ್ಕು ಬರಲ್ಲ. ತೆಳ್ಳಗೆ ಒರೆಸಿದರೆ ಸಾಕು, ತೊಟ್ಟಿಕ್ಕಬಾರದು. ಮರದ ಹಿಡಿಗೆ ಬೇಡ, ಕೈ ಜಾರುತ್ತೆ.

ಮುಚ್ಚಳ ಬಿಗಿಯಾಗಿದ್ದು ಒಳಗೆ ನೀರು, ಧೂಳು ಸೇರದಿದ್ದರೆ ಖನಿಜ ಎಣ್ಣೆ (ಗಿಡದ್ದಲ್ಲ, ಪೆಟ್ರೋಲಿಯಂನಿಂದ ಮಾಡಿದ್ದು) ವರ್ಷಗಟ್ಟಲೆ ಕೆಡಲ್ಲ. ಮೆಷಿನ್ ಇರೋ ಯಾರಿಗಾದರೂ ಕೊಟ್ಟರೆ ಅದಕ್ಕಿಂತ ಒಳ್ಳೆ ಉಪಯೋಗ ಇನ್ನೊಂದಿಲ್ಲ.

ಸೈಕಲ್ ಸವಾರ: ಸೈಕಲ್ ಚೈನಿಗೆ ಹಾಕಬಹುದಾ ಸರ್?

ಮೆಕ್ಯಾನಿಕ್: ಬೇಡ. ಧೂಳು ಅಂಟಿ ಅರೆಯೋ ಕಲ್ಲಾಗುತ್ತೆ. ಚೈನು, ಹಲ್ಲು ಎರಡೂ ಬೇಗ ಸವೆಯುತ್ತೆ.

ಹೊಲಿಗೆ ಮೇಡಂ: ಹೊಲಿಗೆ ಮೆಷಿನ್‌ಗೆ? ಬಾಗಿಲ ಬೀಗಕ್ಕೆ?

ಮೆಕ್ಯಾನಿಕ್: ಎರಡಕ್ಕೂ ಬೇಡ ಮೇಡಂ. ಹೊಲಿಗೆ ಮೆಷಿನ್‌ಗೆ ತೆಳು ಎಣ್ಣೆ ಬೇಕು. ಬೀಗಕ್ಕೆ ಗ್ರಾಫೈಟ್ ಪುಡಿ ಒಳ್ಳೆಯದು, ಅಂಟು ಎಣ್ಣೆ ಹಾಕಿದರೆ ಒಳಗಿನ ಪಿನ್ನುಗಳು ಕಚ್ಚಿಕೊಳ್ಳುತ್ತವೆ.

ಹಳೇ ಕೊಡಲಿ: ಇಷ್ಟೆಲ್ಲ ಯಾಕೆ? ನಾನು ಇಪ್ಪತ್ತು ವರ್ಷದಿಂದ ಗಾಡಿಯಿಂದ ಇಳಿಸಿದ ಕರಿ ಎಣ್ಣೆನೇ ಚೈನಿಗೆ ಹಾಕ್ತಿದ್ದೀನಿ. ಏನೂ ಆಗಿಲ್ಲ. ಬಾರ್ ಆಯಿಲ್ ಅನ್ನೋದೇ ಮಾರೋರ ಉಪಾಯ.

ಮೆಕ್ಯಾನಿಕ್: ಯಜಮಾನರೇ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಓಡಿದ ಎಂಜಿನ್ ಎಣ್ಣೆಯಲ್ಲಿ ಸವೆದ ಲೋಹದ ಪುಡಿ, ಮಸಿ, ಕ್ಯಾನ್ಸರ್ ತರಬಲ್ಲ ಪಿಎಎಚ್ ರಾಸಾಯನಿಕ ಎಲ್ಲ ಇರುತ್ತೆ. ಚೈನಿಗೆ ಹಾಕಿದ ಎಣ್ಣೆ ವಾಪಸ್ ಟ್ಯಾಂಕಿಗೆ ಬರಲ್ಲ. ಹಾಕಿದ್ದೆಲ್ಲ ಮಣ್ಣಿಗೆ, ಹೊಟ್ಟಿಗೆ, ನಿಮ್ಮ ಅಂಗಿಗೆ, ಉಸಿರಿಗೆ ಹೋಗುತ್ತೆ. ಅದರಲ್ಲಿ ಅಂಟೂ ಇಲ್ಲ, ಬಾರಿನ ತುದಿ ತಲುಪೋ ಮೊದಲೇ ಸಿಡಿದು ಹೋಗುತ್ತೆ. ಲೋಹದ ಪುಡಿ ಎಣ್ಣೆ ಪಂಪನ್ನು ತಿನ್ನುತ್ತೆ.

ಮಣ್ಣಿನ ಮಗಳು: ಹಾಗಾದರೆ ಹೊಸ ಬಾರ್ ಆಯಿಲ್ ಹಾಕಿದರೂ ಮಣ್ಣಿಗೇ ಹೋಗುತ್ತಲ್ಲ ಅಣ್ಣಾ? ಗಿಡದಿಂದ ತೆಗೆದ ಎಣ್ಣೆ ಹಾಕಬಾರದಾ? ಆಸ್ಟ್ರಿಯಾದಲ್ಲಿ ಇದಕ್ಕೆ 1990ರಲ್ಲೇ ನಿಯಮ ಮಾಡಿದ್ದಾರೆ ಅಂತ ಓದಿದ್ದೆ.

ಮೆಕ್ಯಾನಿಕ್: ನಿಜ ಅಕ್ಕ. ರೇಪ್‌ಸೀಡ್ (ಸಾಸಿವೆ ಜಾತಿಯ ಬೀಜ) ಎಣ್ಣೆಯಿಂದ ಮಾಡಿದ ಬಾರ್ ಆಯಿಲ್ ಸಿಗುತ್ತೆ, ಮಣ್ಣಿನಲ್ಲಿ ಬೇಗ ಕೊಳೆತು ಹೋಗುತ್ತೆ. ನೀರಿನ ಹತ್ತಿರ, ಬಾವಿಯ ಹತ್ತಿರ ಕೊಯ್ಯೋರು ಅದನ್ನೇ ಬಳಸಲಿ ಅಂತ ನನ್ನ ಆಸೆ. ಆದರೆ ತಿಂಗಳುಗಟ್ಟಲೆ ಮೆಷಿನ್ ಒಳಗೇ ಬಿಟ್ಟರೆ ಗೋಂದಿನ ಹಾಗೆ ಗಟ್ಟಿಯಾಗುತ್ತೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಸ್ವಲ್ಪ ಖನಿಜ ಎಣ್ಣೆ ಹಾಕಿ ಒಂದು ನಿಮಿಷ ಓಡಿಸಿ ಇಡಬೇಕು. ಉಳಿದದ್ದನ್ನು ವರ್ಷಗಟ್ಟಲೆ ಕೂಡಿಡೋದೂ ಬೇಡ.

ಹಳೇ ಕೊಡಲಿ: ನೋಡಿ, ಅದಕ್ಕೇ ಹೇಳಿದ್ದು. ಗಿಡದ ಎಣ್ಣೆ ಗಟ್ಟಿಯಾಗುತ್ತೆ, ಕರಿ ಎಣ್ಣೆ ಆಗಲ್ಲ.

ಮಣ್ಣಿನ ಮಗಳು: ಯಜಮಾನರೇ, ನೀವು ಕೊಯ್ಯೋ ಜಾಗದಲ್ಲೇ ಮಕ್ಕಳು ಆಡ್ತಾರೆ. ಆ ಹೊಟ್ಟು ಗುಡಿಸಿ ಗಿಡದ ಬುಡಕ್ಕೆ ಹಾಕ್ತೀರಿ. ಅದು ಏನೂ ಅಲ್ವಾ?

ಹಳೇ ಕೊಡಲಿ: ನಮ್ಮ ಗಿಡ ಚೆನ್ನಾಗೇ ಇದೆ. ನೀವು ಒಂದು ದಿನ ಮರ ಕೊಯ್ದು ನೋಡಿ, ಆಮೇಲೆ ಮಾತಾಡಿ.

ಶುಭೋದಯ: *(ಬಂದದ್ದು ಕಳಿಸಿದೆ)* ಉಳಿದ ಮೆಷಿನ್ ಎಣ್ಣೆಯ 4 ಅದ್ಭುತ ಉಪಯೋಗ! ಗೆದ್ದಲ ಹುತ್ತಕ್ಕೆ ಸುರಿಯಿರಿ. ಬೇಲಿ ಕಂಬದ ಬುಡ ಅದ್ದಿ ಹೂಳಿ. ನಾಯಿಯ ಕಜ್ಜಿಗೆ ಹಚ್ಚಿ. ಹೊಟ್ಟಿಗೆ ಕಲಸಿ ಒಲೆ ಹಚ್ಚಿ. ಎಲ್ಲರಿಗೂ ಹಂಚಿ!

ಮೆಕ್ಯಾನಿಕ್: ದಯವಿಟ್ಟು ಇದನ್ನು ಯಾರಿಗೂ ಹಂಚಬೇಡಿ. ಹುತ್ತಕ್ಕೆ ಸುರಿದರೆ ಮೇಲಿನ ಗೆದ್ದಲು ಸಾಯಬಹುದು, ರಾಣಿ ಆಳದಲ್ಲಿ ಉಳಿಯುತ್ತೆ, ಮಣ್ಣು ಮಾತ್ರ ಹಾಳು. ಕಂಬದ ಬುಡಕ್ಕೆ ಮೆತ್ತಿದ ಎಣ್ಣೆ ಮರದ ಒಳಕ್ಕೆ ಇಳಿಯಲ್ಲ, ಮಳೆಗೆ ಸುತ್ತಲ ಮಣ್ಣಿಗೆ ಸೇರುತ್ತೆ. ಒಲೆಗೆ ಹಾಕಿದರೆ ಹೊಗೆ ಕೊಳವೆಯಲ್ಲಿ ಮಸಿ ಕಟ್ಟಿ ಒಂದು ದಿನ ಅದೇ ಹೊತ್ತಿಕೊಳ್ಳುತ್ತೆ. 2ಟಿ ಕಲಸಿಟ್ಟ ಹಳೇ ಪೆಟ್ರೋಲ್ ಮಿಶ್ರಣವನ್ನಂತೂ ಬೆಂಕಿಯ ಹತ್ತಿರ ತರಲೇಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ಹೋಗಿ ದೂರದ ಕಿಡಿಗೂ ಹೊತ್ತುತ್ತೆ. ಕ್ಯಾನ್ ಕೈಯಲ್ಲಿ ಇರುವಾಗಲೇ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ.

ಪುಟ್ಟಮನೆ: ಅಣ್ಣಾ, ನಾಯಿ ವಿಷಯ ನಿಜವಾಗಿಯೂ ಅಪಾಯನಾ? ಪಕ್ಕದವರು ಹೇಳಿದ್ದಕ್ಕೆ ನಿನ್ನೆ ಸಂಜೆ ನಮ್ಮ ನಾಯಿಗೆ ಬೆನ್ನು ತುಂಬ ಹಚ್ಚಿದ್ದೀವಿ. ಇವತ್ತು ಮಂಕಾಗಿದೆ.

ಮೆಕ್ಯಾನಿಕ್: ಅಪಾಯ. ನಾನು ಪಶುವೈದ್ಯ ಅಲ್ಲ, ಅದಕ್ಕೇ ಈಗಲೇ ವೈದ್ಯರಿಗೆ ಫೋನ್ ಮಾಡಿ, ಯಾವ ಎಣ್ಣೆ ಅಂತ ಹೇಳಿ, ಡಬ್ಬಿ ಜೊತೆಗೇ ತಗೊಂಡು ಹೋಗಿ. ನೆಕ್ಕೋಕೆ ಬಿಡಬೇಡಿ. ಪಾತ್ರೆ ತೊಳೆಯೋ ಸೋಪಿನ ದ್ರವ, ಉಗುರುಬೆಚ್ಚಗಿನ ನೀರು, ಎರಡು ಮೂರು ಸಲ ತೊಳೆಯಿರಿ. ಎಣ್ಣೆ ತೆಗೆಯೋಕೆ ಸೀಮೆಎಣ್ಣೆ, ಪೆಟ್ರೋಲ್ ಹಾಕಬೇಡಿ. ವಾಂತಿ ಮಾಡಿಸೋಕೆ ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಟ್ಟದ್ದು. ಕಜ್ಜಿ ಬರೋದು ಸೂಕ್ಷ್ಮ ಹುಳದಿಂದ, ಅದಕ್ಕೆ ಸರಿಯಾದ ಔಷಧಿ ಇದೆ. ಇಲ್ಲಿ ಉತ್ತರ ಕಾಯಬೇಡಿ, ಹೊರಡಿ.

ಶುಭೋದಯ: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಕಳಿಸಿದೆ ಅಷ್ಟೇ.

ಮಣ್ಣಿನ ಮಗಳು: ಕಳಿಸೋ ಮೊದಲು ಒಂದು ಸಲ ಯೋಚನೆ ಮಾಡಬಾರದಾ? ಮೇಲೆ ನೋಡಿ, ಒಂದು ಜೀವ ಒದ್ದಾಡ್ತಿದೆ.

ಹೊಸ ಸದಸ್ಯ: ಉಳಿದ ಬಾರ್ ಆಯಿಲ್ ಗೇಟಿನ ಬಿಜಾಗರಿಗೆ ಹಾಕಬಹುದಾ?

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ. ಹಾಕಬಹುದು.

ಕಟ್ಟಿಗೆ ರಾಶಿ: ಸರ್, ನನ್ನದೊಂದು ತೊಂದರೆ. 2ಟಿ ಮುಗಿದಿತ್ತು. ಎಣ್ಣೆ ಎಣ್ಣೆನೇ ಅಲ್ವಾ ಅಂತ ಉಳಿದ ಬಾರ್ ಆಯಿಲ್‌ನೇ ಪೆಟ್ರೋಲಿಗೆ ಕಲಸಿದೆ, ಲೀಟರಿಗೆ 20 ಮಿಲಿ. ಎರಡು ಟ್ಯಾಂಕ್ ಓಡಿತು, ಹೊಗೆ ಜಾಸ್ತಿ. ಮೂರನೇದರಲ್ಲಿ ಬಿಸಿಯಾಗಿ ಶಕ್ತಿ ಬಿದ್ದು ನಿಂತಿತು. ತಣ್ಣಗಾದ ಮೇಲೆ ಸ್ಟಾರ್ಟರ್ ಹಗ್ಗ ಎಳೆದರೆ ಮೊದಲಿಗಿಂತ ಹಗುರ. ಇನ್ನೂ ಹತ್ತು ಸಲ ಎಳೆದೆ, ಹತ್ತಲಿಲ್ಲ.

ಮೆಕ್ಯಾನಿಕ್: ಎಳೆಯೋದು ನಿಲ್ಲಿಸಿ. ಒಂದು ಸಲವೂ ಬೇಡ. ಹಗ್ಗ ಹಗುರ ಅಂದಿರಲ್ಲ, ಆ ಒಂದು ಮಾತೇ ನನಗೆ ಚಿಂತೆ ಹುಟ್ಟಿಸಿದ್ದು.

ಟೂ ಸ್ಟ್ರೋಕ್ ಎಂಜಿನ್ನಿಗೆ ಒಳಗೆ ಬೇರೆ ಎಣ್ಣೆ ಇರಲ್ಲ. ಪಿಸ್ಟನ್, ಅದರ ಸುತ್ತ ಕೂರೋ ರಿಂಗು, ಬೇರಿಂಗು ಎಲ್ಲಕ್ಕೂ ಪೆಟ್ರೋಲಿನ ಜೊತೆ ಬರೋ ಎಣ್ಣೆಯೇ ಆಧಾರ. ಆ ಎಣ್ಣೆ ಪೆಟ್ರೋಲಲ್ಲಿ ಸಮವಾಗಿ ಬೆರೆಯಬೇಕು, ಕೆಲಸ ಮಾಡಿ ಶುದ್ಧವಾಗಿ ಉರಿದು ಹೋಗಬೇಕು. ಬಾರ್ ಆಯಿಲ್ ಉರಿಯೋಕೆ ಅಂತ ಮಾಡಿದ್ದಲ್ಲ. ಅದರ ಅಂಟು ಬಿಸಿಗೆ ಬೆಂದು ರಿಂಗಿನ ಕಾಲುವೆಯಲ್ಲಿ ಅರಗಿನ ಹಾಗೆ ಕೂರುತ್ತೆ. ರಿಂಗು ಕಚ್ಚಿಕೊಂಡರೆ ಸಿಲಿಂಡರಿಗೆ ಒತ್ತಿ ನಿಲ್ಲಲ್ಲ, ಒತ್ತಡ ಸೋರುತ್ತೆ, ಹಗ್ಗ ಹಗುರ ಆಗುತ್ತೆ. ಅದರ ಜೊತೆಗೆ ಪಿಸ್ಟನ್ ಗೀರಿರಲೂಬಹುದು.

ಹೀಗೆ ನೋಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ವೈರ್ ಕಿತ್ತು ಪಕ್ಕಕ್ಕಿಡಿ. ಬಾರು, ಚೈನು ಬಿಚ್ಚಿ. ಸ್ಟಾರ್ಟರ್ ಹಗ್ಗದ ಹಿಡಿಯಲ್ಲಿ ಮೆಷಿನ್ನನ್ನು ಮೆಲ್ಲಗೆ ತೂಗಿ. ಒತ್ತಡ ಸರಿ ಇದ್ದರೆ ತಡೆದು ತಡೆದು ಇಳಿಯುತ್ತೆ. ಸರ್ರಂತ ಜಾರಿದರೆ ಒತ್ತಡ ಹೋಗಿದೆ. ಕೆಳಗೆ ಮೆತ್ತನೆಯದು ಹಾಸಿರಿ. ಆಮೇಲೆ ಸೈಲೆನ್ಸರ್ ಬಿಚ್ಚಿ, ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು, ಹಗ್ಗ ನಿಧಾನ ಸರಿಸುತ್ತ ಪಿಸ್ಟನ್ ನೋಡಿ. ಪಿಸ್ಟನ್ನಿನ ಮೈ ಮಸುಕು ಬೂದಿ ಬಣ್ಣ, ನಯ ಇರಬೇಕು. ಸೈಲೆನ್ಸರ್ ಕಡೆ ಉದ್ದುದ್ದ ಗೀರು ಇದ್ದರೆ ಎಣ್ಣೆ ಸಾಲದೆ ಬಿಸಿಗೆ ಕಚ್ಚಿದೆ. ರಿಂಗನ್ನು ಮರದ ಕಡ್ಡಿಯಿಂದ ಒತ್ತಿ ನೋಡಿ, ಸ್ಪ್ರಿಂಗಿನ ಹಾಗೆ ಒಳಗೆ ಹೋಗಿ ವಾಪಸ್ ಬರಬೇಕು. ಸ್ಕ್ರೂಡ್ರೈವರ್ ಹಾಕಬೇಡಿ. ಕಂಡದ್ದನ್ನು ಇಲ್ಲಿ ಬರೆಯಿರಿ.

ಆ ಮಿಶ್ರಣ ಟ್ಯಾಂಕಿಂದ ತೆಗೆದು ಬೇರೆ ಇಡಿ, ಮೇಲೆ ಹೆಸರು ಬರೆಯಿರಿ. ಕುಡಿಯೋ ನೀರಿನ ಬಾಟಲಿಗೆ ಮಾತ್ರ ಹಾಕಬೇಡಿ.

ಬಡಗಿ: ಅಣ್ಣಾ, ನನ್ನ ಮೆಷಿನ್‌ದು ಉಲ್ಟಾ. ಎಂಜಿನ್ ಚೆನ್ನಾಗಿದೆ, ಚೈನು ಒಣಗಿ ಹೊಗೆ ಬರುತ್ತೆ. ಎಣ್ಣೆ ಟ್ಯಾಂಕ್ ತುಂಬಿದ ಹಾಗೇ ಇದೆ. ಅಡುಗೆ ಎಣ್ಣೆ ಹಾಕಿ ಏಳು ತಿಂಗಳು ಬಿಟ್ಟಿದ್ದೆ.

ಮೆಕ್ಯಾನಿಕ್: ಎಣ್ಣೆ ಒಳಗೆ ಗಟ್ಟಿಯಾಗಿದೆ. ಬಾರಿನ ಎಣ್ಣೆ ತೂತು, ಕಾಲುವೆ, ಟ್ಯಾಂಕಿನೊಳಗಿನ ಫಿಲ್ಟರ್ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಬಾರ್ ಆಯಿಲ್ ಹಾಕಿ, ತುದಿಯನ್ನು ಒಂದು ಬಿಳಿ ರಟ್ಟಿನ ಕಡೆ ಒಂದು ಗೇಣು ದೂರ ಹಿಡಿದು ರೇಸ್ ಕೊಡಿ. ಎಣ್ಣೆ ಗೆರೆ ಬಿದ್ದರೆ ಸರಿಯಾಯ್ತು. ಬೀಳದಿದ್ದರೆ ಪಂಪ್ ಬಿಚ್ಚಬೇಕು.

ಹಳೇ ಕೊಡಲಿ: ಕರಿ ಎಣ್ಣೆ ಹಾಕಿದ್ದರೆ ಈ ತಾಪತ್ರಯ ಇರ್ತಿತ್ತಾ?

ಮಣ್ಣಿನ ಮಗಳು: ಸಾಕು ಮಾಡಿ ಯಜಮಾನರೇ. ಹೇಳಿದ್ದನ್ನೇ ಹೇಳ್ತೀರಿ.

ಹಳೇ ಕೊಡಲಿ: ನೀವು ಯಾರು ಸಾಕು ಅನ್ನೋಕೆ? ಗ್ರೂಪು ನಿಮ್ಮದಾ?

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಕೆಲಸದ ಪ್ರಶ್ನೆ ಮಧ್ಯೆ ಕಳೆದು ಹೋಗ್ತಿದೆ.

ಹೊಲಿಗೆ ಮೇಡಂ: ಎಣ್ಣೆ ಒರೆಸಿದ ಬಟ್ಟೆ ಮೂಲೆಯಲ್ಲಿ ರಾಶಿ ಹಾಕಿದ್ದೀನಿ. ಪರವಾಗಿಲ್ವಾ?

ಮೆಕ್ಯಾನಿಕ್: ಬೇಡ ಮೇಡಂ. ಗಿಡದ ಎಣ್ಣೆ, ಅದರಲ್ಲೂ ಅಗಸೆ ಎಣ್ಣೆ ಮೆತ್ತಿದ ಬಟ್ಟೆ ರಾಶಿಯಲ್ಲಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಖನಿಜ ಎಣ್ಣೆಗೆ ಆ ಭಯ ಕಡಿಮೆ, ಆದರೆ ಯಾವ ಬಟ್ಟೆ ಯಾವುದು ಅಂತ ಆಮೇಲೆ ಗೊತ್ತಾಗಲ್ಲ. ಹೊರಗೆ ಬಿಡಿ ಬಿಡಿಯಾಗಿ ಹರಡಿ, ಇಲ್ಲ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಚ್ಚಿಡಿ.

ಸೈಕಲ್ ಸವಾರ: ದೋಣಿ ಎಂಜಿನ್ನಿನ 2ಟಿ ಇದ್ರೆ ಚೈನ್ ಸಾಗೆ ಆಗುತ್ತಾ?

ಮೆಕ್ಯಾನಿಕ್: ಟಿಸಿ-ಡಬ್ಲ್ಯೂ3 ಅಂತ ಬರೆದಿದ್ದರೆ ಬೇಡ. ಅದು ನೀರಿನಿಂದ ತಣ್ಣಗಾಗೋ ಎಂಜಿನ್ನಿಗೆ. ಚೈನ್ ಸಾ ಗಾಳಿಯಿಂದ ತಣ್ಣಗಾಗೋದು, ಡಬ್ಬಿಯ ಮೇಲೆ ಜಾಸೋ ಎಫ್‌ಡಿ ಅನ್ನೋ ದರ್ಜೆ ಬರೆದಿರೋದನ್ನು ನೋಡಿ. ಅಳತೆ ನಿಮ್ಮ ಮೆಷಿನ್ ಪುಸ್ತಕದಲ್ಲಿ ಇರುತ್ತೆ: 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂದರೆ 40.

ಹೊಸ ಸದಸ್ಯ 2: ಉಳಿದ ಎಣ್ಣೆ ಗೆದ್ದಲಿಗೆ ಹಾಕಬಹುದಾ ಸರ್?

ಮೆಕ್ಯಾನಿಕ್: ಮೇಲೆ ಓದಿ.

ತಂಪು ನೆರಳು: ಕಾಂಕ್ರೀಟ್ ಹಲಗೆಗೆ ಬಳಿಯಬಹುದಾ? ಸುಲಭವಾಗಿ ಬಿಡುತ್ತೆ ಅಂತಾರೆ.

ಶುಭೋದಯ: ಮೇವು ಕತ್ತರಿಸೋ ಮೆಷಿನ್ ಬ್ಲೇಡಿಗೆ ಹಾಕಬಹುದಾ? ಇದು ನನ್ನದೇ ಪ್ರಶ್ನೆ, ಬಂದದ್ದಲ್ಲ.

ಮೆಕ್ಯಾನಿಕ್: ಬೇಡ, ದನದ ಹೊಟ್ಟೆಗೆ ಹೋಗುತ್ತೆ. ಬ್ಲೇಡಿಗೆ ಅಡುಗೆ ಎಣ್ಣೆ ತೆಳ್ಳಗೆ ಒರೆಸಿ. ಕೇಳಿದ್ದು ಒಳ್ಳೆಯದಾಯ್ತು.

ಪುಟ್ಟಮನೆ: ಅಣ್ಣಾ, ವೈದ್ಯರ ಹತ್ತಿರ ಹೋಗಿ ಬಂದೆವು. ಚೆನ್ನಾಗಿ ತೊಳೆದು ಚುಚ್ಚುಮದ್ದು ಕೊಟ್ಟರು, ನಾಳೆ ಮತ್ತೆ ಬನ್ನಿ ಅಂದರು. ಈಗ ನೀರು ಕುಡೀತು.

ಮಣ್ಣಿನ ಮಗಳು: ಅಬ್ಬ, ಸಮಾಧಾನ ಆಯ್ತು.

ಕಟ್ಟಿಗೆ ರಾಶಿ: ಸರ್, ಬಿಚ್ಚಿ ನೋಡಿದೆ. ತೂಗಿದರೆ ತಡೆಯಿಲ್ಲದೆ ಇಳೀತು. ಸೈಲೆನ್ಸರ್ ಕಡೆ ಮೂರು ನಾಲ್ಕು ಉದ್ದ ಗೀರು. ರಿಂಗು ಒಂದು ಕಡೆ ಒಳಗೇ ಕೂತಿದೆ, ಒತ್ತಿದರೆ ಅಲುಗಾಡಲ್ಲ. ಕಿಂಡಿ ಸುತ್ತ ಕರಿ ಅಂಟು.

ಮೆಕ್ಯಾನಿಕ್: ಅಂದುಕೊಂಡಿದ್ದೇ ಆಯ್ತು. ಉಗುರು ಆ ಗೀರಿಗೆ ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿದರೆ ಪಿಸ್ಟನ್, ರಿಂಗು ಬದಲಿಸಲೇಬೇಕು. ಸಿಲಿಂಡರ್ ಈಗಲೇ ಎಸೆಯಬೇಡಿ. ಎಷ್ಟೋ ಸಲ ಕಾಣೋ ಗೀರು ಸಿಲಿಂಡರಿನದಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಅದರ ಗಟ್ಟಿ ಲೇಪನದ ಮೇಲೆ ಮೆತ್ತಿರುತ್ತೆ. ಗೊತ್ತಿರೋರು ಅದನ್ನು ತೆಗೆದರೆ ಸಿಲಿಂಡರ್ ಉಳಿಯುತ್ತೆ. ಮರಳು ಕಾಗದ ಹಾಕಿ ನೀವೇ ಉಜ್ಜಬೇಡಿ. ಕಾರ್ಬೊರೇಟರ್, ಪೆಟ್ರೋಲ್ ಪೈಪು ಎಲ್ಲ ಬಿಚ್ಚಿ ತೊಳೆಸಿ, ಇಲ್ಲದಿದ್ದರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ಕಟ್ಟಿಗೆ ರಾಶಿ: ಉಗುರು ಸಿಗ್ತಿದೆ ಸರ್. ಎರಡು ಕಡೆ.

ಮೆಕ್ಯಾನಿಕ್: ಸರಿ. ಬಿಚ್ಚಿದ್ದನ್ನು ಹಾಗೇ ಒಂದು ಡಬ್ಬಿಗೆ ಹಾಕಿ, ಬೋಲ್ಟು ಕಳೀಬೇಡಿ. ಮೆಷಿನ್ ತಗೊಂಡು ಹೋಗುವಾಗ ಆ ಮಿಶ್ರಣದ ಕ್ಯಾನೂ ಜೊತೆಗಿರಲಿ, ರಿಪೇರಿ ಮಾಡೋರಿಗೆ ಏನು ಹಾಕಿದ್ದಿರಿ ಅಂತ ಮುಚ್ಚಿಡದೆ ಹೇಳಿ.